ಪರದೆಯ ಮೇಲಿನ ಪ್ರಯೋಗಶಾಲೆ – ಒಂದು ಹಿನ್ನೋಟ

ಕಳೆದ ತಿಂಗಳ ಒಂದು ಸಂಜೆ, ಕಾಫಿ ಲೋಟ ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕುಳಿತಿದ್ದಾಗ ಫೋನು ರಿಂಗಣಿಸಿತು. ಹಳೆಯ ವಿದ್ಯಾರ್ಥಿನಿಯೊಬ್ಬಳು ಮಾತನಾಡಿದಳು. ಹದಿನೇಳು ಹದಿನೆಂಟು ವರ್ಷಗಳ ಹಿಂದೆ ನನ್ನ ಬಳಿ ಹತ್ತನೆಯ ತರಗತಿಯಲ್ಲಿ ಕಲಿತವಳು. ಈಗ ಆಕೆಯೇ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದಳು. "ಸರ್, ನೀವು ನಮಗೆ ಕಂಪ್ಯೂಟರಿನಲ್ಲಿ ಬ್ಯಾಟರಿ, ಬಲ್ಬು ಜೋಡಿಸಿ ತೋರಿಸ್ತಿದ್ರಲ್ಲ, ಅದರ ಸಿ.ಡಿ. ನಿಮ್ಮ ಹತ್ತಿರ ಇನ್ನೂ ಇದೆಯಾ? ನಿವೃತ್ತಿಯ ದಿನ ನೀವು ಹಂಚಿದ್ದ ಪೆನ್‌ಡ್ರೈವಿನಲ್ಲಿರೋದು ನಮ್ಮ ಶಾಲೆಯಲ್ಲಿ ಒಂದೂ ತೆರೆಯುತ್ತಿಲ್ಲ" ಎಂದಳು.

ಇದೆ ಎಂದೆ. ಬೀರುವಿನಿಂದ ಸಿ.ಡಿ.ಗಳ ಕಟ್ಟನ್ನು ತೆಗೆದೆ. ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದನ್ನೇ ಹಾಕಿ ನೋಡಿದೆ. ಕಡತಗಳೆಲ್ಲ ಕ್ಷೇಮವಾಗಿದ್ದವು, ಆದರೆ ತೆರೆಯಹೊರಟರೆ ಕೆಲವು ಕಡೆ ಬೂದು ಬಣ್ಣದ ಚೌಕ, ಕೆಲವು ಕಡೆ ಬರಿಯ ಬಿಳಿಯ ಪುಟ. ಹದಿನೈದು ವರ್ಷ ಅಲ್ಲಿ ಇಲ್ಲಿ ಹುಡುಕಿ, ಸೈಬರ್ ಕೆಫೆಗಳಲ್ಲಿ ಗಂಟೆಗಟ್ಟಲೆ ಕಾದು, ಫ್ಲಾಪಿಗಳಲ್ಲಿಯೂ ಸಿ.ಡಿ.ಗಳಲ್ಲಿಯೂ ಹೊತ್ತುತಂದು ಕೂಡಿಸಿಟ್ಟ ನನ್ನ 'ಪ್ರಯೋಗಶಾಲೆ' ಹೀಗೆ ಸದ್ದಿಲ್ಲದೆ ಬಾಗಿಲು ಹಾಕಿಕೊಂಡಿತ್ತು. ಆಕೆ ಇನ್ನೂ ಒಂದು ಮಾತು ಹೇಳಿದ್ದಳು; ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ಮಾತು ನನ್ನನ್ನು ಕಾಡಿದ್ದರಿಂದಲೇ, ವಿಜ್ಞಾನ ಮತ್ತು ಗಣಿತದ ಬೋಧನೆಗೆ ಈ 'ಇಂಟರಾಕ್ಟಿವ್' ಜಾಲತಾಣಗಳು, ಅಂದರೆ ವಿದ್ಯಾರ್ಥಿಯ ಕೈಗೆ ಸ್ಪಂದಿಸುವ ಪುಟಗಳು, ಹೇಗೆ ಬಂದವು, ಏನಾದವು ಎಂಬುದನ್ನು ಕ್ರಮವಾಗಿ ಬರೆದಿಡಬೇಕೆನಿಸಿತು.

ಈ ಕಥೆ ಅಂತರ್ಜಾಲಕ್ಕಿಂತ ಹಳೆಯದು. 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ತರುಣ ಎಂಜಿನಿಯರ್ 'ಪ್ಲೇಟೋ' ಎಂಬ ಬೋಧನಾ ವ್ಯವಸ್ಥೆಯನ್ನು ಆರಂಭಿಸಿದರು. ಇಲಿಯಾಕ್ ಎಂಬ ಬೃಹತ್ ಗಣಕಕ್ಕೆ ಒಂದು ಟೆಲಿವಿಷನ್ ಪರದೆಯನ್ನೂ ಕೆಲವು ಗುಂಡಿಗಳನ್ನೂ ಜೋಡಿಸಿ, ಒಬ್ಬನೇ ಒಬ್ಬ ವಿದ್ಯಾರ್ಥಿ ಕುಳಿತು ಕಲಿಯುವಂತೆ ಮಾಡಿದ್ದು ಅದರ ಮೊದಲ ರೂಪ. ಪರದೆ ಇನ್ನೂ ಸ್ಫುಟವಾಗಿ ಕಾಣಬೇಕೆಂಬ ಅಗತ್ಯದಿಂದಲೇ 1964ರಲ್ಲಿ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಸೇರಿ ಪ್ಲಾಸ್ಮಾ ಪರದೆಯನ್ನು ಕಂಡುಹಿಡಿದರು. ಮುಂದೆ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದ ಪ್ಲಾಸ್ಮಾ ಟಿ.ವಿ.ಯ ಮೂಲಪುರುಷ ಒಂದು ಪಾಠದ ಯಂತ್ರ ಎಂಬುದನ್ನು ತಿಳಿದಾಗ ಮೇಷ್ಟ್ರಾದ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. 1972ರ ಹೊತ್ತಿಗೆ ಬಂದ ನಾಲ್ಕನೆಯ ಪ್ಲೇಟೋದಲ್ಲಿ ಮಕ್ಕಳು ಬೆರಳಿನಿಂದ ಪರದೆಯನ್ನು ಮುಟ್ಟಿಯೇ ಉತ್ತರ ಕೊಡಬಹುದಾಗಿತ್ತು.

ಆ ವ್ಯವಸ್ಥೆಯಲ್ಲಿ ಶಾರನ್ ಡಗ್‌ಡೇಲ್ ಮತ್ತು ಸಂಗಡಿಗರು ರೂಪಿಸಿದ 'ಡಾರ್ಟ್ಸ್' ಎಂಬ ಆಟ ನನಗೆ ಬಲು ಪ್ರಿಯ. ಒಂದು ಸಂಖ್ಯಾರೇಖೆ, ಅದಕ್ಕೆ ಅಲ್ಲಲ್ಲಿ ಅಂಟಿಕೊಂಡ ಬಲೂನುಗಳು. ಬಲೂನು ಎಲ್ಲಿದೆಯೆಂದು ಅಂದಾಜು ಮಾಡಿ ಮಗು ಒಂದು ಭಿನ್ನರಾಶಿಯನ್ನು ಬರೆಯಬೇಕು. ಬರೆದೊಡನೆ ಬಾಣವೊಂದು ಅದೇ ಸ್ಥಾನಕ್ಕೆ ಹಾರುತ್ತದೆ. ಸರಿಯಾದರೆ ಬಲೂನು ಒಡೆಯುತ್ತದೆ. ತಪ್ಪಾದರೆ ಬಾಣ ಎಲ್ಲಿ ನಾಟಿತೆಂಬುದು ಕಣ್ಣೆದುರಿಗೇ ಇರುತ್ತದೆ. 'ತಪ್ಪು' ಎಂದು ಕೆಂಪು ಶಾಯಿಯಲ್ಲಿ ಗೀಚುವುದಕ್ಕೂ, 'ನೀನು ಹೇಳಿದ ಸಂಖ್ಯೆ ಇಲ್ಲಿದೆ, ಬಲೂನು ಅಲ್ಲಿದೆ' ಎಂದು ತೋರಿಸುವುದಕ್ಕೂ ಎಷ್ಟೊಂದು ಅಂತರ! ಮಗು ತನ್ನ ತಪ್ಪಿನಿಂದಲೇ ಮುಂದಿನ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಇಂದಿನ ಒಳ್ಳೆಯ ಜಾಲತಾಣಗಳೆಲ್ಲ ಮಾಡುವುದು ಮೂಲತಃ ಇದನ್ನೇ.

ಎರಡನೆಯ ಹೊಳೆ ಹರಿದುಬಂದದ್ದು ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್‌ನಿಂದ. 1967ರಲ್ಲಿ ವ್ಯಾಲಿ ಫರ್‌ಜೈಗ್, ಸೆಮೋರ್ ಪೇಪರ್ಟ್ ಮತ್ತು ಸಿಂಥಿಯಾ ಸಾಲೊಮನ್ ಮಕ್ಕಳಿಗಾಗಿ 'ಲೋಗೋ' ಎಂಬ ಗಣಕಭಾಷೆಯನ್ನು ರೂಪಿಸಿದರು. ಅನಂತರ ಅದಕ್ಕೊಂದು ಆಮೆ ಸೇರಿತು. ಮುಂದಕ್ಕೆ ಇಷ್ಟು ಹೆಜ್ಜೆ, ಬಲಕ್ಕೆ ಇಷ್ಟು ಡಿಗ್ರಿ ಎಂದು ಮಗು ಆಜ್ಞೆ ಕೊಟ್ಟರೆ ಆಮೆ ನಡೆಯುತ್ತಾ ಗೆರೆ ಎಳೆಯುತ್ತದೆ. ಸಮಬಾಹು ತ್ರಿಭುಜವನ್ನು ಬರೆಸಹೊರಟ ಮಗು, ಒಳಕೋನ 60 ಡಿಗ್ರಿ ಎಂದು ಪಾಠದಲ್ಲಿ ಓದಿದ್ದನ್ನು ನೆನೆದು 60 ಡಿಗ್ರಿ ತಿರುಗಿಸಿದರೆ ತ್ರಿಭುಜ ಮೂಡುವುದಿಲ್ಲ, ಷಟ್ಕೋನ ಮೂಡುತ್ತದೆ. ಆಮೆ ತಿರುಗಬೇಕಾದದ್ದು ಹೊರಕೋನದಷ್ಟು, ಅಂದರೆ 120 ಡಿಗ್ರಿ. ಬಾಹ್ಯಕೋನವೆಂಬ ಕಲ್ಪನೆಯನ್ನು ಕರಿಹಲಗೆಯ ಮೇಲೆ ವಿವರಿಸಲು ನಾನು ಪಟ್ಟ ಪಾಡನ್ನು ಆ ಆಮೆ ಒಂದೇ ತಿರುವಿನಲ್ಲಿ ನೀಗಿಸುತ್ತಿತ್ತು. ಪೇಪರ್ಟ್ ಅವರು 1980ರಲ್ಲಿ ಪ್ರಕಟಿಸಿದ 'ಮೈಂಡ್‌ಸ್ಟಾರ್ಮ್ಸ್' ಎಂಬ ಪುಸ್ತಕದ ವಾದದ ತಿರುಳೂ ಇದೇ: ಗಣಕವು ಮಗುವನ್ನು ನಡೆಸಬಾರದು, ಮಗುವೇ ಗಣಕವನ್ನು ನಡೆಸಬೇಕು.

ನಮ್ಮ ದೇಶದ ಶಾಲೆಗಳಿಗೆ ಗಣಕ ಕಾಲಿಟ್ಟಿದ್ದು 1984–85ರಲ್ಲಿ, ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯ ಮೂಲಕ. ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿ.ಬಿ.ಸಿ. ಮೈಕ್ರೋ ಗಣಕಗಳನ್ನು ಆಯ್ದ ಶಾಲೆಗಳಿಗೆ ಕೊಡಲಾಯಿತು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಕಾಲವದು. ಪಕ್ಕದ ಊರಿನ ಶಾಲೆಯೊಂದಕ್ಕೆ ಅಂಥ ಯಂತ್ರ ಬಂದಿದೆಯೆಂದು ಕೇಳಿ ಭಾನುವಾರ ಬಸ್ಸು ಹತ್ತಿ ನೋಡಲು ಹೋಗಿದ್ದೆ. ಮುಖ್ಯೋಪಾಧ್ಯಾಯರು ಬೀಗ ತೆಗೆದು, ಹೊದಿಸಿದ್ದ ಬಟ್ಟೆಯನ್ನು ಸರಿಸಿ, ದೇವರ ಪೆಟ್ಟಿಗೆಯ ದರ್ಶನ ಮಾಡಿಸಿದಂತೆ ತೋರಿಸಿ ಮತ್ತೆ ಮುಚ್ಚಿದರು. ನಾನೂ ಕೈಮುಗಿಯದೆ ಬಂದದ್ದೇ ಹೆಚ್ಚು. ಆ ದೃಶ್ಯವನ್ನು ನೆನೆದು ಎಷ್ಟೋ ವರ್ಷ ನಕ್ಕಿದ್ದೇನೆ. ಮುಂದೆ ನಾನೂ ಹಾಗೆಯೇ ನಡೆದುಕೊಳ್ಳಲಿದ್ದೆನೆಂಬುದು ಆಗ ಗೊತ್ತಿರಲಿಲ್ಲ.

ಅಂತರ್ಜಾಲದ ಪುಟಗಳ ಕಥೆ ಇಲ್ಲಿಂದ ಮುಂದೆ. ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್ ಲೀ 1989ರಲ್ಲಿ ರೂಪರೇಖೆ ಹಾಕಿದ ವಿಶ್ವವ್ಯಾಪಿ ಜಾಲವನ್ನು 1993ರ ಏಪ್ರಿಲ್ 30ರಂದು ಆ ಸಂಸ್ಥೆ ಎಲ್ಲರ ಉಚಿತ ಬಳಕೆಗೆ ಬಿಟ್ಟುಕೊಟ್ಟಿತು. ಭಾರತದಲ್ಲಿ ಸಾರ್ವಜನಿಕರಿಗೆ ವಿ.ಎಸ್.ಎನ್.ಎಲ್. ಮೂಲಕ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಮೊದಮೊದಲಿನ ಜಾಲಪುಟಗಳು ಪುಸ್ತಕದ ಹಾಳೆಗಳಂತೆಯೇ ಇದ್ದವು. ಓದಬಹುದಿತ್ತು, ಚಿತ್ರ ನೋಡಬಹುದಿತ್ತು, ಅಷ್ಟೆ. ಅದೇ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 'ಜಾವಾ' ಭಾಷೆಯನ್ನು ಹೊರತಂದಾಗ ಪರಿಸ್ಥಿತಿ ಬದಲಾಯಿತು. 'ಆಪ್ಲೆಟ್' ಎಂಬ ಪುಟ್ಟ ತಂತ್ರಾಂಶವೊಂದು ಜಾಲಪುಟದೊಂದಿಗೇ ಇಳಿದುಬಂದು ಓದುಗನ ಗಣಕದಲ್ಲಿಯೇ ನಡೆಯತೊಡಗಿತು. ಹಾಳೆಯ ಮೇಲಿನ ಲೋಲಕ ತೂಗಾಡಲು ಕಲಿತದ್ದು ಆಗ.

ಈ ಅವಕಾಶವನ್ನು ಮೊದಲು ಕಂಡುಕೊಂಡವರಲ್ಲಿ ದೊಡ್ಡ ಕಂಪನಿಗಳಿಗಿಂತ ಅಧ್ಯಾಪಕರೇ ಹೆಚ್ಚು ಎಂಬುದು ಗಮನಾರ್ಹ. ಜರ್ಮನಿಯ ಶಾಲಾಶಿಕ್ಷಕ ವಾಲ್ಟರ್ ಫೆಂಟ್ 1997ರಿಂದ ಭೌತಶಾಸ್ತ್ರ ಮತ್ತು ಗಣಿತದ ಆಪ್ಲೆಟ್‌ಗಳನ್ನು ಬರೆದು ಜಾಲದಲ್ಲಿಟ್ಟರು. ತೈವಾನಿನ ಪ್ರಾಧ್ಯಾಪಕ ಫು-ಕ್ವುನ್ ಹ್ವಾಂಗ್ ಅಂಥದೇ ದೊಡ್ಡ ಸಂಗ್ರಹವನ್ನು ಕಟ್ಟಿದರು. ಅಮೆರಿಕದ ಡೇವಿಡ್ಸನ್ ಕಾಲೇಜಿನ ವುಲ್ಫ್‌ಗ್ಯಾಂಗ್ ಕ್ರಿಶ್ಚಿಯನ್, ಅಧ್ಯಾಪಕರು ತಮ್ಮ ಪಾಠಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಲ್ಲ 'ಫಿಸ್‌ಲೆಟ್'ಗಳನ್ನು ರಚಿಸಿದರು. ಯೂಟಾ ರಾಜ್ಯದ ವಿಶ್ವವಿದ್ಯಾನಿಲಯವೊಂದು 1999ರಲ್ಲಿ ಗಣಿತದ ಮಣಿಚೌಕಟ್ಟು, ತಕ್ಕಡಿ, ಭಿನ್ನರಾಶಿಯ ಪಟ್ಟಿಗಳನ್ನೆಲ್ಲ ಪರದೆಗೆ ತರುವ ಕೆಲಸ ಆರಂಭಿಸಿತು.

ನಾನು ಫೆಂಟ್ ಅವರ ಲೋಲಕವನ್ನು ಮೊದಲು ನೋಡಿದ್ದು ತಾಲ್ಲೂಕು ಕೇಂದ್ರದ ಸೈಬರ್ ಕೆಫೆಯಲ್ಲಿ. ಗಂಟೆಗೆ ಮೂವತ್ತು ರೂಪಾಯಿ. ಪುಟ ತೆರೆಯುವುದರೊಳಗೆ ಹತ್ತು ರೂಪಾಯಿ ಕರಗಿಹೋಗುತ್ತಿತ್ತು. ಆದರೂ ಅಂದು ಕಂಡದ್ದನ್ನು ಮರೆಯಲಾರೆ. ನಮ್ಮ ಪ್ರಯೋಗಾಲಯದಲ್ಲಿ ದಾರಕ್ಕೆ ಲೋಹದ ಗುಂಡು ಕಟ್ಟಿ, ನಿಲ್ಲುಗಡಿಯಾರ ಹಿಡಿದು ಇಪ್ಪತ್ತು ಆಂದೋಲನ ಎಣಿಸುತ್ತಿದ್ದೆವು. ಒಂದು ಮೀಟರ್ ಉದ್ದದ ಲೋಲಕದ ಆಂದೋಲನಾವಧಿ ಸುಮಾರು 2 ಸೆಕೆಂಡು. ಚಂದ್ರನ ಮೇಲೆ ಎಷ್ಟು ಎಂದು ಯಾರಾದರೂ ಕೇಳಿದರೆ ಸೂತ್ರ ಹಾಕಿ ಲೆಕ್ಕ ಮಾಡಿ ತೋರಿಸುವುದೊಂದೇ ದಾರಿ. ಇಲ್ಲಿಯಾದರೋ ಗುರುತ್ವ ವೇಗೋತ್ಕರ್ಷವನ್ನು 9.8ರಿಂದ 1.6ಕ್ಕೆ ಇಳಿಸಿದೊಡನೆ ಅದೇ ಗುಂಡು ಆಲಸ್ಯದಿಂದ, ಸುಮಾರು 5 ಸೆಕೆಂಡಿಗೊಮ್ಮೆ ತೂಗತೊಡಗಿತು. ಗುಂಡಿನ ದ್ರವ್ಯರಾಶಿಯನ್ನು ಎಷ್ಟು ಹೆಚ್ಚಿಸಿದರೂ ಅವಧಿ ಮಾತ್ರ ಬದಲಾಗಲಿಲ್ಲ. ಭಾರದ ಗುಂಡು ಬೇಗ ತೂಗುತ್ತದೆಂದು ಪ್ರತಿವರ್ಷ ತರಗತಿಯ ಮುಕ್ಕಾಲು ಪಾಲು ಮಕ್ಕಳು ಕೈಯೆತ್ತುತ್ತಿದ್ದುದು ನೆನಪಾಗಿ, ಕೆಫೆಯ ಹುಡುಗ ನನ್ನನ್ನೇ ನೋಡುವಷ್ಟು ಜೋರಾಗಿ 'ಭೇಷ್' ಎಂದುಬಿಟ್ಟಿದ್ದೆ.

ಈ ಅಲ್ಲೊಂದು ಇಲ್ಲೊಂದು ಪ್ರಯತ್ನಗಳು ಒಂದು ಶಾಸ್ತ್ರೀಯ ನೆಲೆಗೆ ಬಂದದ್ದು 2002ರಲ್ಲಿ. ಕೊಲರಾಡೊ ವಿಶ್ವವಿದ್ಯಾನಿಲಯದ ಕಾರ್ಲ್ ವೈಮನ್ ಅವರು ಬೋಸ್–ಐನ್‌ಸ್ಟೈನ್ ಸಾಂದ್ರೀಕರಣದ ಕುರಿತ ಸಾಧನೆಗಾಗಿ ಎರಿಕ್ ಕಾರ್ನೆಲ್ ಮತ್ತು ವುಲ್ಫ್‌ಗ್ಯಾಂಗ್ ಕೆಟರ್ಲೆ ಅವರೊಂದಿಗೆ 2001ರ ಭೌತಶಾಸ್ತ್ರ ನೊಬೆಲ್ ಪಡೆದಿದ್ದರು. (ಆ 'ಬೋಸ್' ನಮ್ಮ ಸತ್ಯೇಂದ್ರನಾಥ ಬೋಸರೇ ಎಂಬುದನ್ನು ಬೇರೆ ಹೇಳಬೇಕಿಲ್ಲ.) ಆ ಕೀರ್ತಿಯ ಹೊತ್ತಿನಲ್ಲಿ ಅವರು ಬಹುಮಾನದ ಹಣದ ಒಂದು ಭಾಗವನ್ನೂ ತೊಡಗಿಸಿ ಆರಂಭಿಸಿದ್ದು 'ಫೆಟ್' ಎಂಬ ಸಿಮ್ಯುಲೇಶನ್‌ಗಳ ಯೋಜನೆ. ನೊಬೆಲ್ ವಿಜ್ಞಾನಿಯೊಬ್ಬರು ಬ್ಯಾಟರಿ, ಬಲ್ಬಿನ ಪಾಠಕ್ಕೆ ತಲೆ ಕೆಡಿಸಿಕೊಂಡದ್ದನ್ನು ಓದಿದಾಗ, ಹೈಸ್ಕೂಲ್ ಪಾಠವೆಂದರೆ ಮೂಗು ಮುರಿಯುವ ನಮ್ಮ ಕೆಲವು ಪಂಡಿತರ ನೆನಪಾಯಿತು.

ಫೆಟ್ ತಂಡದ ಕಾರ್ಯವಿಧಾನವೇ ವಿಶಿಷ್ಟ. ಸಿಮ್ಯುಲೇಶನ್ ಒಂದನ್ನು ಬರೆದ ಮೇಲೆ ವಿದ್ಯಾರ್ಥಿಯೊಬ್ಬನನ್ನು ಅದರ ಮುಂದೆ ಕೂರಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಬಳಸಲು ಬಿಡುತ್ತಾರೆ. ಎಲ್ಲಿ ತಡವರಿಸುತ್ತಾನೆ, ಯಾವುದನ್ನು ತಪ್ಪಾಗಿ ತಿಳಿಯುತ್ತಾನೆ ಎಂಬುದನ್ನು ನೋಡಿ ಮತ್ತೆ ತಿದ್ದುತ್ತಾರೆ. ಇಂಥ ಸಂದರ್ಶನಗಳಿಂದ ಅವರಿಗೆ ತಿಳಿದುಬಂದ ಒಂದು ಸಂಗತಿ ನಮ್ಮಂಥ ಮೇಷ್ಟರುಗಳಿಗೆ ಕಹಿ ಗುಳಿಗೆ: ಹಂತಹಂತವಾದ ಸೂಚನೆಗಳನ್ನು ಹೆಚ್ಚು ಹೆಚ್ಚಾಗಿ ಕೊಟ್ಟಷ್ಟೂ ವಿದ್ಯಾರ್ಥಿಗಳು ಸೂಚನೆಯಲ್ಲಿರುವುದನ್ನಷ್ಟೇ ಮಾಡಿ ಕೈತೊಳೆದುಕೊಳ್ಳುತ್ತಾರೆ, ಒಂದು ತೆರೆದ ಪ್ರಶ್ನೆಯನ್ನಷ್ಟೇ ಕೊಟ್ಟಾಗ ತಾವಾಗಿ ಹುಡುಕಾಡುತ್ತಾರೆ.

ಅವರ ವಿದ್ಯುನ್ಮಂಡಲದ ಸಿಮ್ಯುಲೇಶನ್ನನ್ನು ಉದಾಹರಣೆಗೆ ನೋಡಿ. ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ತಂದು ಜೋಡಿಸಿದರೆ ತಂತಿಯೊಳಗೆ ನೀಲಿ ಬಣ್ಣದ ಎಲೆಕ್ಟ್ರಾನುಗಳು ಸಾಲುಸಾಲಾಗಿ ಸರಿಯುವುದು ಕಾಣುತ್ತದೆ. ಬಲ್ಬಿನಲ್ಲಿ ವಿದ್ಯುತ್ ಪ್ರವಾಹ 'ಖರ್ಚಾಗುತ್ತದೆ', ಆದ್ದರಿಂದ ಬಲ್ಬನ್ನು ದಾಟಿದ ಮೇಲೆ ಪ್ರವಾಹ ಕಡಿಮೆ ಎಂಬುದು ಮಕ್ಕಳಲ್ಲಿ ಬೇರೂರಿರುವ ತಪ್ಪು ಕಲ್ಪನೆ. ನಾನು ಅಮ್ಮೀಟರನ್ನು ಬಲ್ಬಿನ ಎರಡೂ ಕಡೆ ಜೋಡಿಸಿ ಒಂದೇ ಅಳತೆ ಬರುವುದನ್ನು ತೋರಿಸಿದರೂ ನಂಬುತ್ತಿರಲಿಲ್ಲ. 'ಮೀಟರ್ ಕೆಟ್ಟಿದೆ ಸಾರ್' ಎನ್ನುತ್ತಿದ್ದರು. ಕೆಲವೊಮ್ಮೆ ಅದು ನಿಜವೂ ಆಗಿರುತ್ತಿತ್ತೆನ್ನಿ! ಪರದೆಯ ಮೇಲಾದರೆ ಬಲ್ಬಿನ ಹಿಂದೆಯೂ ಮುಂದೆಯೂ ಎಲೆಕ್ಟ್ರಾನುಗಳು ಒಂದೇ ವೇಗದಲ್ಲಿ ಸಾಗುವುದು ಎದ್ದು ಕಾಣುತ್ತದೆ. 2005ರಲ್ಲಿ ನೋಆ ಫಿಂಕಲ್‌ಸ್ಟೈನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ನಿಜವಾದ ಉಪಕರಣಗಳಿಂದಲೂ ಇನ್ನೊಂದು ಗುಂಪು ಈ ಸಿಮ್ಯುಲೇಶನ್ನಿನಿಂದಲೂ ಕಲಿಯಿತು. ಸಿಮ್ಯುಲೇಶನ್ ಬಳಸಿದವರು ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮುಂದಿದ್ದರು. ಅಷ್ಟೇ ಅಲ್ಲ, ನಿಜವಾದ ತಂತಿ, ಬಲ್ಬುಗಳನ್ನು ಕೊಟ್ಟು ಮಂಡಲವನ್ನು ಜೋಡಿಸಿ ವಿವರಿಸಿ ಎಂದಾಗಲೂ ಅವರೇ ಮುಂದಿದ್ದರು. ಇದರಿಂದ ಪ್ರಯೋಗಾಲಯಕ್ಕೆ ಬೀಗ ಹಾಕಬಹುದೆಂದು ಯಾರೂ ತೀರ್ಮಾನಿಸಬಾರದು. ಬೆರಳಿಗೆ ತಾಗುವ ಬಿಸಿ, ಸಡಿಲ ತಂತಿಯ ಕಿರಿಕಿರಿ, ಅಳತೆಯಲ್ಲಿ ನುಸುಳುವ ದೋಷ, ಇವೂ ವಿಜ್ಞಾನದ ಪಾಠಗಳೇ. ಆದರೆ ಕಣ್ಣಿಗೆ ಕಾಣದ್ದನ್ನು ಕಾಣಿಸುವ ಶಕ್ತಿ ಪರದೆಗಿದೆಯೆಂಬುದು ಆ ಅಧ್ಯಯನದಿಂದ ಸ್ಪಷ್ಟ.

ಗಣಿತದ ಕಡೆಗೆ ಬಂದರೆ, ಫ್ರಾನ್ಸಿನ 'ಕಾಬ್ರಿ', ಅಮೆರಿಕದ 'ಜಿಯೋಮೀಟರ್ಸ್ ಸ್ಕೆಚ್‌ಪ್ಯಾಡ್' ಎಂಬ ತಂತ್ರಾಂಶಗಳು ರೇಖಾಗಣಿತದ ಆಕೃತಿಗಳನ್ನು ಎಳೆದಾಡುವ ಸೌಲಭ್ಯವನ್ನು ಮೊದಲೇ ತಂದಿದ್ದವು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಮಾರ್ಕುಸ್ ಹೋಹೆನ್‌ವಾರ್ಟರ್ 2001–02ರ ಸುಮಾರಿಗೆ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ರೂಪಿಸಿದ 'ಜಿಯೋಜೀಬ್ರಾ' ರೇಖಾಗಣಿತವನ್ನೂ ಬೀಜಗಣಿತವನ್ನೂ ಒಂದೇ ಪರದೆಯಲ್ಲಿ ಕೂಡಿಸಿತು. ಎಡಗಡೆಯ ಸಮೀಕರಣವನ್ನು ಬದಲಿಸಿದರೆ ಬಲಗಡೆಯ ರೇಖೆ ಬಾಗುತ್ತದೆ. ರೇಖೆಯನ್ನು ಎಳೆದರೆ ಸಮೀಕರಣ ಬದಲಾಗುತ್ತದೆ. ಶಾಲೆಗಳಿಗೆ ಉಚಿತವಾಗಿ ದೊರೆತದ್ದರಿಂದ ಬಹುಬೇಗ ಹರಡಿತು.

ಇದರಿಂದ ನನಗಾದ ಒಂದು ಅನುಭವವನ್ನು ಹೇಳಲೇಬೇಕು. ಒಂಬತ್ತನೆಯ ತರಗತಿಗೆ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ಪ್ರಮೇಯವನ್ನು ಜಿಯೋಜೀಬ್ರಾದಲ್ಲಿ ತೋರಿಸುತ್ತಿದ್ದೆ. ಶೃಂಗವನ್ನು ಎಳೆದಂತೆ ಕೋನಗಳ ಅಳತೆ ಬದಲಾಗುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಅಳತೆಗಳನ್ನು ಪುಸ್ತಕದಲ್ಲಿ ಬರೆದು ಕೂಡುತ್ತಿದ್ದ. ಎದ್ದು ನಿಂತು, "ಸಾರ್, 60.46, 59.34, 60.21. ಕೂಡಿದರೆ 180.01 ಬಂತು. ಪ್ರಮೇಯ ತಪ್ಪಲ್ವಾ ಸಾರ್?" ಎಂದ. ಇಡೀ ತರಗತಿ ಗೊಳ್ಳೆಂದಿತು. ಆದರೆ ಅವನು ಕೂಡಿದ್ದು ಸರಿಯಾಗಿಯೇ ಇತ್ತು! ಪರದೆಯ ಅಳತೆಗಳು ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿದವು. ನಿಜವಾದ ಕೋನಗಳು 60.456, 59.336, 60.208 ಎಂದಿದ್ದರೆ ಮೊತ್ತ ಸರಿಯಾಗಿ 180. ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಸರಿದದ್ದರಿಂದ 0.01 ಹೆಚ್ಚಾಗಿ ತೋರುತ್ತದೆ. ಅಂದು ಉಳಿದ ಅವಧಿಯೆಲ್ಲ ಅದರಲ್ಲೇ ಕಳೆಯಿತು. ಸಾವಿರ ತ್ರಿಭುಜಗಳನ್ನು ಎಳೆದು ನೋಡಿದರೂ ಅದು ಸಾಧನೆಯಲ್ಲ, ಆಧಾರಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದು ಪರ್ಯಾಯ ಕೋನಗಳಿಂದ ತರ್ಕಿಸಿದರೆ ಮಾತ್ರ ಸಾಧನೆ ಎಂಬುದನ್ನು ನಾನು ಅಷ್ಟು ಚೆನ್ನಾಗಿ ಎಂದೂ ಕಲಿಸಿರಲಿಲ್ಲ. ಕಲಿಸಿದ್ದು ನಾನಲ್ಲ, ಆ ಹುಡುಗನ 0.01.

ಕರ್ನಾಟಕದ ಶಾಲೆಗಳಿಗೆ ಗಣಕ ದೊಡ್ಡ ಪ್ರಮಾಣದಲ್ಲಿ ಬಂದದ್ದು 2001ರ ಸುಮಾರಿಗೆ ಆರಂಭವಾದ 'ಮಾಹಿತಿ ಸಿಂಧು' ಯೋಜನೆಯಿಂದ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ 'ಎಜುಸ್ಯಾಟ್' ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಬಿತ್ತರವಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರದ 'ಐಸಿಟಿ@ಸ್ಕೂಲ್ಸ್' ಯೋಜನೆ ಆರಂಭವಾಯಿತು. ಮುಂದೆ 2010ರ ದಶಕದಲ್ಲಿ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿತು. ಜಿಯೋಜೀಬ್ರಾ, ಫೆಟ್ ಮುಂತಾದವುಗಳಲ್ಲಿ ಶಿಕ್ಷಕರಿಗೆ ತರಬೇತಿ ನೀಡಿತು. ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ಬೆಳೆಸಿತು. ಭಾಷೆಯ ತೊಡಕು ನಮಗಿದ್ದ ದೊಡ್ಡ ಅಡ್ಡಿ. ಆಪ್ಲೆಟ್‌ಗಳೆಲ್ಲ ಇಂಗ್ಲಿಷಿನಲ್ಲಿ, 'ರೆಸಿಸ್ಟೆನ್ಸ್' ಎಂದಲ್ಲಿ 'ರೋಧ' ಎಂದು ಓದಿಕೊಳ್ಳಿರೆಂದು ಹಲಗೆಯ ಮೇಲೆ ಪಟ್ಟಿ ಬರೆದು ಪಾಠ ಶುರುಮಾಡಬೇಕಿತ್ತು. ಕನ್ನಡದಲ್ಲಿ ಮಾಡಿದ್ದೆಂದು ಬಂದ ಕೆಲವು ಸಿ.ಡಿ.ಗಳಲ್ಲಿ ಒತ್ತಕ್ಷರಗಳು ಕಳಚಿ ಬಿದ್ದು, 'ವಿದ್ಯುತ್' ಓದುವುದೇ ಒಂದು ಪ್ರಯೋಗವಾಗುತ್ತಿತ್ತು. ಇಂದು ಫೆಟ್‌ನ ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲಿಯೂ ದೊರೆಯುತ್ತವೆ.

ಇನ್ನು ನನ್ನ ಸಿ.ಡಿ.ಗಳು ಮೂಕವಾದ ಬಗೆ. 1990ರ ದಶಕದ ಕೊನೆಯಿಂದ ಜಾವಾದ ಜೊತೆಗೆ 'ಫ್ಲ್ಯಾಶ್' ಎಂಬ ತಂತ್ರಜ್ಞಾನವೂ ಜನಪ್ರಿಯವಾಗಿತ್ತು. ಎರಡೂ ಬ್ರೌಸರಿನ ಒಳಗೆ ತಾವಾಗಿ ನಡೆಯುವಂಥವಲ್ಲ. 'ಪ್ಲಗಿನ್' ಎಂಬ ಹೆಚ್ಚುವರಿ ಜೋಡಣೆ ಬೇಕಾಗಿತ್ತು. ಆ ಜೋಡಣೆಗಳ ಮೂಲಕ ಕಿಡಿಗೇಡಿ ತಂತ್ರಾಂಶಗಳು ನುಸುಳುವ ಭಯ ಒಂದು ಕಡೆ. 2007ರಲ್ಲಿ ಬಂದ ಐಫೋನ್ ಫ್ಲ್ಯಾಶನ್ನು ಒಳಗೆ ಬಿಟ್ಟುಕೊಳ್ಳದಿದ್ದುದು ಇನ್ನೊಂದು ಕಡೆ. ಪ್ಲಗಿನ್ ಇಲ್ಲದೆಯೇ ಚಲಿಸುವ ಚಿತ್ರಗಳನ್ನು ತೋರಿಸಬಲ್ಲ ಎಚ್‌ಟಿಎಂಎಲ್5 ಎಂಬ ಮಾನದಂಡ 2014ರಲ್ಲಿ ಅಧಿಕೃತವಾಯಿತು. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರುಗಳು ಜಾವಾ ಆಪ್ಲೆಟ್‌ಗಳಿಗೆ ಬಾಗಿಲು ಮುಚ್ಚಿದವು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶಿನ ಪೋಷಣೆಯನ್ನು ನಿಲ್ಲಿಸಿ, 2021ರ ಜನವರಿ 12ರಿಂದ ಅದು ನಡೆಯದಂತೆಯೇ ಮಾಡಿತು. ಜಗತ್ತಿನಾದ್ಯಂತ ಅಧ್ಯಾಪಕರು ಬಿಡುವಿನ ವೇಳೆಯಲ್ಲಿ ಕಟ್ಟಿದ ಎಷ್ಟೋ ಪುಟಗಳು ಹೀಗೆ ನಿಂತುಹೋದವು. ಉಳಿದುಕೊಂಡವು ಯಾವುವು? ಯಾರಾದರೂ ಕುಳಿತು ಮತ್ತೆ ಬರೆದವು ಮಾತ್ರ. ವಾಲ್ಟರ್ ಫೆಂಟ್ ತಮ್ಮ ಆಪ್ಲೆಟ್‌ಗಳನ್ನು ಹೊಸ ಮಾನದಂಡಕ್ಕೆ ತಾವೇ ಹೊಸದಾಗಿ ಬರೆದರು. ಫೆಟ್ ತಂಡ ತನ್ನ ಸಿಮ್ಯುಲೇಶನ್‌ಗಳನ್ನು ವರ್ಷಗಟ್ಟಲೆ ಶ್ರಮಪಟ್ಟು ಒಂದೊಂದಾಗಿ ಪುನಾರಚಿಸಿತು. ಹಳೆಯ ಫ್ಲ್ಯಾಶ್ ಕಡತಗಳನ್ನು ತೆರೆಯಲು 'ರಫಲ್' ಎಂಬ ಉಚಿತ ಸಾಧನವೂ ಈಗ ಇದೆ. ತಾಳೆಗರಿಯನ್ನು ನಮ್ಮ ಹಿರಿಯರು ಪ್ರತಿಮಾಡಿ ಉಳಿಸಿದರು. ಪ್ರತಿಮಾಡದ ಗರಿಯನ್ನು ಗೆದ್ದಲು ತಿಂದಿತು. ಪರದೆಯ ಪಾಠಕ್ಕೂ ಅದೇ ನ್ಯಾಯ. ಆದರೆ ಇಲ್ಲಿ ಗೆದ್ದಲಿಗೆ ನೂರು ವರ್ಷ ಬೇಕಾಗಲಿಲ್ಲ, ಹದಿನೈದೇ ಸಾಕಾಯಿತು.

ಈಗ ನನ್ನ ವಿದ್ಯಾರ್ಥಿನಿ ಹೇಳಿದ ಮಾತಿಗೆ ಬರುತ್ತೇನೆ.

ಮೇಲೆ ಹೇಳಿದ ವಿದ್ಯುನ್ಮಂಡಲದ ಸಿಮ್ಯುಲೇಶನ್ನನ್ನು 2008ರ ಸುಮಾರಿಗೆ ಸಿ.ಡಿ.ಯಲ್ಲಿ ತಂದು ನಮ್ಮ ಶಾಲೆಯ ಗಣಕದಲ್ಲಿ ಹಾಕಿದ್ದೆ. ಕರೆಂಟು ಇರುವ ಹೊತ್ತು ನೋಡಿ, ನಲವತ್ತೆಂಟು ಮಕ್ಕಳನ್ನು ಕೊಠಡಿಯಲ್ಲಿ ನೆಲದ ಮೇಲೆ ಕೂರಿಸಿ, ನಾನೇ ಮೌಸು ಹಿಡಿದು ಮಂಡಲಗಳನ್ನು ಜೋಡಿಸಿ ತೋರಿಸಿದೆ. ಮಕ್ಕಳು ಸಿನಿಮಾ ನೋಡುವಂತೆ ನೋಡಿದರು. ಆಗ ಈ ಹುಡುಗಿ ಎದ್ದು, "ಸರ್, ಬಲ್ಬೇ ಇಲ್ಲದೆ ಬ್ಯಾಟರಿಯ ಎರಡು ತುದಿಗೆ ಬರೀ ತಂತಿ ಸೇರಿಸಿದರೆ ಏನಾಗುತ್ತೆ? ನಾನೊಂದು ಸಲ ಮಾಡ್ಲಾ ಸರ್?" ಎಂದಳು. ನಾನು, "ಹಾಗೆಲ್ಲ ಮಾಡಬಾರದಮ್ಮ. ದೂರ ಕೂತು ನೋಡು, ಏನಾದರೂ ಕೆಟ್ಟರೆ ಯಾರು ಜವಾಬ್ದಾರಿ?" ಎಂದೆ. ಆಕೆ ಕುಳಿತಳು. ಪಾಠ ಮುಂದುವರಿಯಿತು. ಆ ವರ್ಷದ ನನ್ನ ಪಾಠದ ಡೈರಿಯಲ್ಲಿ 'ಗಣಕದ ನೆರವಿನಿಂದ ಬೋಧಿಸಲಾಯಿತು' ಎಂಬ ಒಂದು ಸಾಲೂ ಸೇರಿತು.

ಈ ಘಟನೆ ನನಗೆ ನೆನಪೇ ಇರಲಿಲ್ಲ. ಆಕೆಗೆ ನೆನಪಿತ್ತು. ಫೋನಿನಲ್ಲಿ ನಗುತ್ತಲೇ, "ಅವತ್ತು ನನಗೆ ಮುಟ್ಟೋಕೆ ಬಿಡಲಿಲ್ಲ ಸರ್ ನೀವು. ಅದಕ್ಕೇ ಈಗ ನಮ್ಮ ಮಕ್ಕಳ ಕೈಗೇ ಕೊಡೋಣ ಅಂತ" ಎಂದಳು. ದೂರುವ ದನಿ ಅದರಲ್ಲಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಅಂದು ರಾತ್ರಿ ಮಗ ಕೊಟ್ಟ ಫೋನಿನಲ್ಲಿಯೇ ಫೆಟ್‌ನ ಹೊಸ ಮಂಡಲವನ್ನು ತೆರೆದೆ. ಏನನ್ನೂ ಅನುಸ್ಥಾಪಿಸಬೇಕಾಗಲಿಲ್ಲ. ಬ್ಯಾಟರಿಯೊಂದನ್ನು ಎಳೆದು ಅದರ ಎರಡು ತುದಿಗಳಿಗೆ ತಂತಿಯನ್ನು ಸೇರಿಸಿದೆ. ಬ್ಯಾಟರಿ ಹೊತ್ತಿಕೊಂಡು ಉರಿಯಿತು! ಪರದೆಯ ಮೇಲೆ ಜ್ವಾಲೆಗಳು. ನನ್ನ ಬೆರಳಿಗೆ ಬಿಸಿ ತಾಗಲಿಲ್ಲ, ಫೋನು ಕೆಡಲಿಲ್ಲ. ಹ್ರಸ್ವಮಂಡಲವೆಂದರೇನು, ಫ್ಯೂಸು ಏಕೆ ಬೇಕು ಎಂದು ನಾನು ಎರಡು ಅವಧಿ ಮಾತನಾಡಿ ವಿವರಿಸುತ್ತಿದ್ದೆನಲ್ಲ, ಅದನ್ನು ಆ ತಂಡದವರು ಮಕ್ಕಳು ತಾವೇ ಕೆದಕಿ ಕಂಡುಕೊಳ್ಳಲೆಂದು ಒಳಗೆ ಇಟ್ಟಿದ್ದರು. ಆ ಹುಡುಗಿ ಕೇಳಿದ್ದು ಅದನ್ನೇ. ನಿಜವಾದ ಪ್ರಯೋಗಾಲಯದಲ್ಲಿ ಬೇಡವೆಂದದ್ದು ನ್ಯಾಯ. ಯಾವ ಅಪಾಯವೂ ಇಲ್ಲದಿದ್ದ ಕಡೆಯಲ್ಲಿಯೂ ಬೇಡವೆಂದದ್ದು, ಬಟ್ಟೆ ಹೊದಿಸಿ ಗಣಕವನ್ನು ಕಾಪಾಡಿದ ಆ ಮುಖ್ಯೋಪಾಧ್ಯಾಯರಿಂದ ನಾನು ಬಹಳ ದೂರವೇನೂ ಬಂದಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಒಂದೇ ಗಣಕ, ನಲವತ್ತೆಂಟು ಮಕ್ಕಳು ಎಂಬುದು ನಿಜವಾದ ಕಷ್ಟವೇ. ಆದರೆ ಒಬ್ಬೊಬ್ಬರನ್ನಾಗಿ ಕರೆದು ಮೌಸು ಕೊಟ್ಟು, 'ಏನಾಗಬಹುದು ಹೇಳಿ' ಎಂದು ಉಳಿದವರನ್ನು ಮೊದಲು ಊಹಿಸಲು ಹೇಳಿ, ಆಮೇಲೆ ಮಾಡಿ ನೋಡುವುದಕ್ಕೆ ಅಡ್ಡಿಯೇನಿತ್ತು? ಹಣವೂ ಬೇಕಿರಲಿಲ್ಲ, ಸುತ್ತೋಲೆಯೂ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಆಕೆಗೆ ಹೊಸ ಪುಟದ ಕೊಂಡಿಯನ್ನು ಕಳುಹಿಸಿದೆ. ಅಂತರ್ಜಾಲ ಸಂಪರ್ಕ ಇರುವಲ್ಲಿ ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆಡೆಯಲ್ಲಿಯೂ ನಡೆಯುತ್ತದೆಂದು ತಿಳಿಸಿದೆ. ಸಿ.ಡಿ.ಗಳ ಕಟ್ಟನ್ನು ಮತ್ತೆ ಬೀರುವಿನಲ್ಲಿಟ್ಟಿದ್ದೇನೆ, ಬಿಸಾಡಲು ಮನಸ್ಸಾಗಲಿಲ್ಲ. ವಾರದ ನಂತರ ಆಕೆ ಒಂದು ಚಿತ್ರ ಕಳುಹಿಸಿದಳು. ಮೂವರು ಮಕ್ಕಳು ಒಂದು ಟ್ಯಾಬಿನ ಮೇಲೆ ಬಗ್ಗಿದ್ದಾರೆ. ಅವರ ಮುಖ ಕಾಣುವುದಿಲ್ಲ, ಬೆರಳುಗಳು ಮಾತ್ರ ಕಾಣುತ್ತವೆ. ಕೆಳಗೆ ಒಂದೇ ಸಾಲು: "ಮೊದಲ ಐದು ನಿಮಿಷದಲ್ಲೇ ಬೆಂಕಿ ಹಚ್ಚಿದರು ಸರ್."

ಶಿಕ್ಷಕ ಬಂಧುಗಳೇ, ನಿಮ್ಮ ಶಾಲೆಯ ಗಣಕದ ಕೊಠಡಿಯ ಕೀಲಿ ಯಾರ ಬಳಿಯಿದೆ? ಮಕ್ಕಳಿಗೆ ಅದನ್ನು ಮುಟ್ಟುವ ಭಾಗ್ಯ ದೊರೆತಿದೆಯೇ? ನಿಮ್ಮ ಅನುಭವಗಳನ್ನು ತಿಳಿಸಿದರೆ ಸಂತೋಷಪಡುತ್ತೇನೆ.